ಉಡಿ ತುಂಬಿ ಬರೆಸಿಕೊಂಡ ಹೊಲ

ಖತೀಜಾ, ಬೆಳುಂಕಿಯಲ್ಲಿದ್ದ ನಿನ್ನ ತವರಿನ ಹೊಲವನ್ನು ನಾನು ಮೋಸದಿಂದ ಬರೆಸಿಕೊಂಡೆ. ನಾವು ಕೂಡಿ ನಡೆಸುತ್ತಿದ್ದ ಸರ್ವಿಸ್ ಮೋಟಾರು ಇನ್ನು ಹೆಚ್ಚು ದಿನ ನಡೆಯುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ನನ್ನ ಪಾಲನ್ನು ನಿನ್ನ ಗಂಡ ಹುಸೇನನ ತಲೆಗೆ ಕಟ್ಟಿದೆ — ಇಷ್ಟು ವರ್ಷ ಈ ಮಾತನ್ನು ನುಂಗಿಕೊಂಡೇ ಬದುಕಿದ್ದೇನೆ.

ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಲಾರಿಯೊಂದನ್ನು ಹುಸೇನ ತಂದು, ಬಿಚ್ಚಿ, ಮತ್ತೆ ಜೋಡಿಸಿ, ಜನ ಕೂಡುವಂತೆ ಹಲಗೆ ಬಡಿದ. ಜತ್ತದಿಂದ ವಳಸಂಗಕ್ಕೆ ಮೋಟಾರು ಓಡಿಸುತ್ತೇನೆಂದಾಗ ಊರೆಲ್ಲ ನಕ್ಕಿತ್ತು. ನಾನೊಬ್ಬನೇ ನನ್ನ ಅಂಗಡಿಯ ದುಡ್ಡು ಹಾಕಿ ಪಾಲುದಾರನಾದೆ. ಯಾರೂ ನಂಬದಾಗ ನಾನು ನಂಬಿದೆ ಎಂದು ಹೇಳಿಕೊಂಡು ಮೆರೆದದ್ದೂ ಉಂಟು. ನಂಬಿದ್ದು ಮೋಟಾರನ್ನೋ, ಹುಸೇನನನ್ನೋ — ಆಗ ಕೇಳಿಕೊಳ್ಳಲಿಲ್ಲ.

ಒಂದು ದಿನ ಬೇರೆ ಕೆಲಸಕ್ಕೆ ಸರಕಾರಿ ಕಚೇರಿಗೆ ಹೋದಾಗ ಪರಿಚಯದವನೊಬ್ಬ ಮೆಲ್ಲಗೆ ಹೇಳಿದ: "ಈ ರೂಟ್ ಸರಕಾರದವರ ತಗೋತಾರ್ರಿ. ಲಗೂನ ಹೊರಗ ಬೀಳ್ರಿ."

ಓಡಿಹೋಗಿ ಹುಸೇನನಿಗೆ ಹೇಳಬಹುದಿತ್ತು. ಇಬ್ಬರೂ ಕೂಡಿ ಗಾಡಿ ಮಾರಿ ಕೈತೊಳೆದುಕೊಳ್ಳಬಹುದಿತ್ತು. ನಾನು ಒಂದು ತಿಂಗಳು ಸುಮ್ಮನಿದ್ದು ಲೆಕ್ಕ ಹಾಕಿದೆ — ಪಾಲು ಯಾರಿಗೆ ಮಾರಲಿ? ವ್ಯಾಪಾರಿಗಳು ನೂರು ಪ್ರಶ್ನೆ ಕೇಳುತ್ತಾರೆ. ಏನೂ ಕೇಳದೆ ಕೊಳ್ಳುವವನು ಒಬ್ಬನೇ ಇದ್ದ, ಆ ಗಾಡಿಯನ್ನು ಮಗುವಿನ ಹಾಗೆ ತೊಳೆದು ಒರೆಸುತ್ತಿದ್ದವನು. ಅವನ ಬಳಿ ದುಡ್ಡಿರಲಿಲ್ಲ. ಆದರೆ ನಿನ್ನ ಹೊಲವಿತ್ತು.

ಗಾಡಿ ಕಟ್ಟಿದವನು ನೀನು, ಸರ್ವಿಸ್ ಪೂರಾ ನಿನ್ನ ಹೆಸರಿಗೇ ಇರಲಿ, ನನ್ನ ಪಾಲಿಗೆ ಬದಲಾಗಿ ಆ ಹೊಲ ಬರೆದುಕೊಟ್ಟರೆ ಸಾಕು ಎಂದು ಹುಸೇನನಿಗೆ ಹೇಳಿದೆ. ಹುಸೇನ ನನ್ನ ಕಾಲು ಮುಟ್ಟಲು ಬಂದ. ನೀನು ಮಾತ್ರ ಹೆಬ್ಬೆಟ್ಟು ಒತ್ತಲು ಹಿಂದೆಮುಂದೆ ನೋಡಿದೆ — ಹೊಲ ನಿನ್ನ ಅವ್ವನದು. ಆಗ ನಾನು ಹೆಂಡತಿಗೆ ಹೇಳಿ, ನಿನ್ನನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ಬೆಲ್ಲ, ಕುಪ್ಪಸಕ್ಕೆಂದು ಹಸಿರು ಖಣ ಇಟ್ಟು ಉಡಿ ತುಂಬಿಸಿದೆ. ಇಂದಿನಿಂದ ಇದೇ ನಿನ್ನ ತವರು ಎಂದೆ. ನನ್ನ ಹೆಂಡತಿಗೇನೂ ಗೊತ್ತಿರಲಿಲ್ಲ. ಉಡಿ ತುಂಬಿದ ಮನೆಯ ಮೇಲೆ ಯಾವ ಹೆಣ್ಣುಮಗಳು ಸಂಶಯಪಟ್ಟಾಳು? ಅದು ಗೊತ್ತಿದ್ದೇ ತುಂಬಿಸಿದೆ.

ಆದರೂ ನೀನು ಕೇಳಿದೆ: "ಅಣ್ಣಾರ, ಮೋಟಾರ ಮುಂದನೂ ನಡೀತೈತಲ್ರಿ?"

"ನಡೀತೈತವಾ. ನಾ ಇಲ್ಲೇನ?" ಎಂದೆ.

ನೀನು ಹೆಬ್ಬೆಟ್ಟು ಒತ್ತಿದೆ.

ಐದಾರು ತಿಂಗಳಲ್ಲಿ ಸರಕಾರಿ ಮೋಟಾರು ಬಂತು. ನಿಮ್ಮ ಪರವಾನಗಿ ಮುಂದುವರಿಯಲಿಲ್ಲ. ಗಾಡಿ ಬೇವಿನ ಮರದ ಕೆಳಗೆ ನಿಂತಿತು, ಮೊದಲು ಗಾಲಿ ಹೋದವು, ಆಮೇಲೆ ಇಂಜಿನ್. ಹುಸೇನ ಪರರ ಲಾರಿ ನಡೆಸಲು ಸೊಲ್ಲಾಪುರಕ್ಕೆ ಹೋಗಿ, ಕೆಲವು ವರ್ಷಕ್ಕೆ ಕೆಮ್ಮು ಕಟ್ಟಿಕೊಂಡು ತಿರುಗಿ ಬಂದ. ನೋಡಲು ಹೋದಾಗ ನನ್ನ ಕೈ ಹಿಡಿದು ಹೇಳಿದ: "ನೀವರ ಮೊದ್ಲ ಹೊರಗ ಬಿದ್ರಲ್ರಿ ಸಾವಕಾರ್ರ, ಚಲೋ ಆತು. ನಿಮ್ಮನ್ನೂ ಮುಳಗಿಸಿದ್ರ ನಾ ಮಂದಿ ಮುಂದ ಮಾರಿ ಎತ್ತಿ ತಿರಗತಿರಲಿಲ್ರಿ."

ಆಗಲಾದರೂ ಹೇಳಬೇಕಿತ್ತು. ನಾಲಿಗೆ — ಇಲ್ಲ, ನಾಲಿಗೆಯ ಮೇಲೇಕೆ ಹಾಕಲಿ, ನಾನೇ ಹೇಳಲಿಲ್ಲ. ಎಂಟು ದಿನಕ್ಕೆ ಅವನು ತೀರಿಕೊಂಡ. ಜನ ಇವತ್ತಿಗೂ ನನ್ನನ್ನು ಉದಾರಿ ಎನ್ನುತ್ತಾರೆ.

ಹೋದ ವಾರ ನಿನ್ನ ಮಗಳ ಮದುವೆ ಗೊತ್ತಾಯಿತೆಂದು ಮಾತಾಡಿಸಲು ಬಂದಿದ್ದೆ. ನೀನು ಟ್ರಂಕು ತೆರೆದು ಆ ಹಸಿರು ಖಣ ತೆಗೆದೆ. ಮಡಿಕೆ ಸಹ ಬಿಚ್ಚಿರಲಿಲ್ಲ. "ತವರಮನೀದು, ಮಗಳಿಗಂತ ಇಟ್ಟೀನ್ರಿ ಅಣ್ಣಾರ" ಎಂದೆ. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಆ ಖಣ ಆ ಹುಡುಗಿಯ ಮೈಮೇಲೆ ಏರುವ ಮೊದಲು ನಿನಗೆ ಇದು ಗೊತ್ತಾಗಬೇಕು. ಹೊಲವನ್ನು ತಿರುಗಿ ನಿನ್ನ ಹೆಸರಿಗೆ ಬರೆಸಿದ್ದೇನೆ. ಅದರಿಂದ ಹುಸೇನ ಎದ್ದು ಬರುವುದಿಲ್ಲ, ನನಗೆ ಗೊತ್ತು. ನಿನಗೆ ಓದಲು ಬರುವುದಿಲ್ಲವಾದ್ದರಿಂದ ಈ ಕಾಗದವನ್ನು ನಾಳೆ ನಾನೇ ತಂದು, ನಿನ್ನ ಮಗಳ ಎದುರಿಗೇ, ಒಂದಕ್ಷರ ಬಿಡದೆ ಓದುತ್ತೇನೆ. ಓದಿ ಮುಗಿಸಿದ ಮೇಲೆ ನೀನು ಆ ಖಣವನ್ನು ತಿರುಗಿ ಕೊಟ್ಟರೆ, ಎರಡೂ ಕೈಯೊಡ್ಡಿ ತೆಗೆದುಕೊಳ್ಳುತ್ತೇನೆ.