ತುಳಸಿ ಪಕ್ಕದ ಬಿಳಿ ಕೇಸರಿ

ತರೀಕೆರೆಗೆ ವರ್ಗವಾದಾಗ, ಈರುಳ್ಳಿ ಬೆಳ್ಳುಳ್ಳಿ ತರಕೂಡದೆಂಬ ಷರತ್ತಿನ ಮೇಲೆ ಅಜ್ಜಿಯೊಬ್ಬರು ಮನೆ ಬಾಡಿಗೆಗೆ ಕೊಟ್ಟಿದ್ದರು. ಕೆಮ್ಮಣ್ಣುಗುಂಡಿಯ ಮಾಲಿಯೊಬ್ಬ ಕೊಟ್ಟ ಅಪರೂಪದ ಬಿಳಿ ಕ್ರೋಕಸ್ ಗೆಡ್ಡೆಗಳನ್ನು ಪೂಜೆಗೆ ಹೂವಾಗಲೆಂದು ಹಿತ್ತಿಲ ತುಳಸಿ ಪಕ್ಕ ನೆಟ್ಟೆ. ಹಸಿರು ಗರಿಗಳು ಎದ್ದದ್ದೇ ತಡ, ಅಜ್ಜಿ ಬಂದರು.

“ಏನ್ರೀ, ತುಳಸಮ್ಮನ ಪಕ್ಕ ಈರುಳ್ಳಿ ಹಾಕಿದ್ದೀರಾ?”

“ಕೇಸರಿ ಜಾತಿ ಹೂವು ಕಣಜ್ಜಿ.”

“ಕೇಸರಿ ಬೆಳೆಯೋದು ಕಾಶ್ಮೀರದಲ್ಲಿ. ಅಮಾವಾಸ್ಯೆಯೊಳಗೆ ಆ ಹೂವು ತೋರಿಸಿ, ಇಲ್ಲಾಂದ್ರೆ ಮನೆ ಖಾಲಿ ಮಾಡಿ!”

ಹೆಂಡತಿ ತುಂಬು ಬಸುರಿ. ಸೂರು ತಪ್ಪಿಸಬೇಡಪ್ಪಾ ಎಂದು ದಿನವೂ ದೇವರಿಗೆ ಕೈಮುಗಿದೆ. ಅಮಾವಾಸ್ಯೆಯ ಬೆಳಿಗ್ಗೆ ಒಂದೇ ಒಂದು ಬಿಳಿ ಹೂವು ಅರಳಿತ್ತು. ಅಜ್ಜಿ ಬಗ್ಗಿ ನೋಡಿದರು. “ಎಲ್ಲಿಗೂ ಹೋಗ್ಬೇಡಿ, ಇಲ್ಲೇ ಬಾಣಂತನ ಆಗ್ಲಿ” ಎಂದವರೇ, ಹೂವನ್ನು ಕಿತ್ತು ತಮ್ಮ ದೇವರಿಗೆ ಒಯ್ದರು.

ಹೋದ ಜೀವ ಬಂದಂತಾಯಿತು. ಭಗವಂತ ಕರುಣಾಳು, ಮನೆ ಉಳಿಸೆಂದು ಬೇಡಿದ್ದೆ, ಉಳಿಸಿಕೊಟ್ಟ. ಬೇಡುವಾಗ ಹೂವಿನ ಮಾತು ನಾನೇ ಎತ್ತಿರಲಿಲ್ಲ.