ಪಾಲಕರು ನಿರಾಕರಿಸಿದರು

ಹನುಮವ್ವ ಲಸಿಕೆ ಬೇಡವೆಂದಿರಲಿಲ್ಲ. ಬೇಡವೆಂದವಳು ನಾನು — ಸರ್ಕಾರದ ಸಂಬಳ ತಿಂದವಳು, ಊರೆಲ್ಲ ‘ಸಿಸ್ಟರ್ ಅಕ್ಕಾರ’ ಎಂದು ಕೈಮುಗಿಯುತ್ತಿದ್ದವಳು. ಹನ್ನೊಂದು ವರ್ಷ ಇದನ್ನು ಮುಚ್ಚಿಟ್ಟೆ.

ದೇವದುರ್ಗದಿಂದ ಜಾಲಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ, ಹೆಸರು ಬೇಡ. ಗುರುವಾರ ಅಲ್ಲಿನ ಅಂಗನವಾಡಿಯಲ್ಲಿ ಲಸಿಕೆ ಹಾಕುತ್ತಿದ್ದೆ. ದಡಾರದ ಲಸಿಕೆಯ ಒಂದು ಬಾಟಲಿಯಲ್ಲಿ ಐದು ಮಕ್ಕಳಿಗಾಗುವಷ್ಟು ಔಷಧ. ಒಮ್ಮೆ ಕಲಸಿದರೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಒಂದೇ ಮಗು ಬಂದರೂ ಬಾಟಲಿ ತೆರೆಯಿರಿ ಎಂದೇ ನಮಗೆ ಕಲಿಸಿದ್ದರು. ಆದರೆ ಹಿಂದಿನ ತಿಂಗಳ ಮೀಟಿಂಗಿನಲ್ಲಿ ಎಲ್ಲರೆದುರು ನನ್ನನ್ನು ನಿಲ್ಲಿಸಿ, ಇಷ್ಟೇಕೆ ಚೆಲ್ಲಿದಿರಿ ಎಂದು ಕೇಳಿದ್ದರು. ಆ ಅವಮಾನವನ್ನು ನಾನಿನ್ನೂ ಮರೆತಿರಲಿಲ್ಲ.

ಅವತ್ತು ದಡಾರದ ಲಸಿಕೆಗೆ ಬಂದದ್ದು ಹನುಮವ್ವನ ಕೂಸೊಂದೇ, ಹತ್ತು ತಿಂಗಳ ಹೆಣ್ಣುಮಗು. ನಾಲ್ಕು ಮಕ್ಕಳ ಔಷಧ ಹಾಳಾಗುತ್ತದೆ, ಮುಂದಿನ ವಾರ ಬಾ ಎಂದೆ.

“ನಾಳಿ ದುಡಿಯಾಕ ಪುಣಾಕ ಹೊಂಟೀವ್ರಿ ಅಕ್ಕಾರ. ಇದೊಂದ್ ಕೂಸಿಗೆ ಹಾಕಿಬಿಡ್ರಿ.”

ತಿರುಗಿ ಬಂದ ಮೇಲೆ ಹಾಕಿದರಾಯಿತು, ಕೂಸೇನು ಓಡಿಹೋಗುತ್ತದೆಯೇ ಎಂದು ನಕ್ಕು ಕಳಿಸಿದೆ. ನಕ್ಕೆ — ಅದೂ ನೆನಪಿದೆ.

ಎರಡು ತಿಂಗಳಾಗಿರಬೇಕು. ಪುಣೆಯ ಕಟ್ಟಡ ಕೆಲಸದ ಶೆಡ್ಡಿನಲ್ಲಿ ಮಗುವಿಗೆ ದಡಾರ ಎದ್ದಿತು, ನ್ಯುಮೋನಿಯಾಕ್ಕೆ ತಿರುಗಿತು, ಸತ್ತಿತು. ವಿಚಾರಣೆಗೆ ಆರೋಗ್ಯ ಇಲಾಖೆಯ ಸಾಹೇಬರು ಬರುತ್ತಾರೆಂದು ತಿಳಿದದ್ದೇ ರಜಿಸ್ಟರು ತೆಗೆದೆ. ಕೂಸಿನ ಹೆಸರಿನ ಮುಂದೆ ‘ಪಾಲಕರು ನಿರಾಕರಿಸಿದರು’ ಎಂದು ಬರೆದೆ. ಎರಡೇ ಪದ. ಸಾಹೇಬರು ಓದಿದರು, ಚಹಾ ಕುಡಿದರು, ಹೋದರು.

ಅಲ್ಲಿಗಾದರೂ ನಿಲ್ಲಿಸಿದ್ದರೆ... ಇಲ್ಲ. ಎಲುಬಿಲ್ಲದ ನಾಲಿಗೆ. ಲಸಿಕೆಗೆ ಹೆದರುವ ತಾಯಂದಿರಿಗೆಲ್ಲ ಅವಳ ಕೂಸಿನ ಕಥೆ ಹೇಳತೊಡಗಿದೆ — ಬೇಡವೆಂದವಳ ಗತಿ ನೋಡಿರಿ ಎಂದು. ಒಮ್ಮೆ ಅದೇ ಅಂಗನವಾಡಿಯಲ್ಲಿ ಹೇಳುವಾಗ, ಪುಣೆಯಿಂದ ತಿರುಗಿ ಬಂದಿದ್ದ ಹನುಮವ್ವ ಬಾಗಿಲಲ್ಲಿ ನಿಂತಿದ್ದಳು, ಪಕ್ಕದಲ್ಲಿ ಅವಳ ಅತ್ತೆ.

“ನಾ ಯಾವಾಗ ಬ್ಯಾಡಂದೆ, ಅಕ್ಕಾರ?”

“ನಿನಗ ನೆನಪಿಲ್ಲವ್ವಾ. ಸಂಕಟದಾಗ ಎಲ್ಲಾ ಮರ್ತಿ,” ಎಂದೆ. ಮೆತ್ತಗೆ, ಬೆನ್ನು ಸವರುತ್ತ. ಅತ್ತೆ ನನ್ನನ್ನು ನಂಬಿದಳು, ಊರೂ ನಂಬಿತು. ಕೂಸನ್ನು ತಿಂದಾಕಿ ಎಂಬ ಹೆಸರು ಅವಳಿಗೆ ಅಂಟಿತು. ವರ್ಷದೊಳಗೆ ಗಂಡ ಅವಳನ್ನು ಮಾನ್ವಿಯ ತವರಿಗೆ ಬಿಟ್ಟು ಬಂದ.

ಆ ಕಥೆ ಫಲ ಕೊಟ್ಟಿತಲ್ಲ, ಅದೇ ಕಹಿ. ತಾಯಂದಿರು ಕೂಸುಗಳನ್ನೆತ್ತಿಕೊಂಡು ಓಡಿ ಬಂದರು. ಆ ಊರಿನಲ್ಲಿ ದಡಾರಕ್ಕೆ ಇನ್ನೊಂದು ಮಗು ಸತ್ತದ್ದನ್ನು ನಾನು ಕಾಣಲಿಲ್ಲ. ಲಸಿಕೆ ಒಳ್ಳೆಯದೇ, ನನ್ನ ಸುಳ್ಳಿನಿಂದ ಅದು ಕೆಟ್ಟದ್ದಾಗುವುದಿಲ್ಲ. ಆದರೆ ಇಷ್ಟು ಮಕ್ಕಳು ಉಳಿದವಲ್ಲ, ಒಬ್ಬಳ ಹೆಸರು ಕೆಟ್ಟರೇನು ಎಂದು ವರ್ಷಗಟ್ಟಲೆ ತೂಗಿದೆ. ತಕ್ಕಡಿ ನನ್ನದು, ತೂಗುವ ಕೈಯೂ ನನ್ನದು. ಅವಳನ್ನು ಯಾರೂ ಕೇಳಲಿಲ್ಲ.

ಈಗ ನಿವೃತ್ತಳಾಗಿ ರಾಯಚೂರಿನಲ್ಲಿದ್ದೇನೆ. ಕಳೆದ ತಿಂಗಳು ಮಾನ್ವಿಗೆ ಹೋಗಿ ಹನುಮವ್ವನೆದುರು ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಅವಳು ಅಳಲಿಲ್ಲ, ಬೈಯಲಿಲ್ಲ. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಲೇ ಇದ್ದಳು.

“ನನಗ್ಯಾಕ ಹೇಳಾಕತ್ತೀರಿ? ನನಗ ಮೊದಲಿಂದ ಗೊತ್ತದ. ಆ ಊರಾಗ ಹೋಗಿ ಹೇಳ್ರಿ.”

ಹೂಂ ಎಂದು ಎದ್ದು ಬಂದೆ. ಬಸ್ಸಿನಲ್ಲಿ ಕುಳಿತದ್ದೇ ಮತ್ತೆ ತೂಗತೊಡಗಿದೆ — ನಿಜ ಹೇಳಿದರೆ ಆ ತಾಯಂದಿರು ಇನ್ನು ಯಾವ ಸಿಸ್ಟರನ್ನು ನಂಬುತ್ತಾರೆ, ಲಸಿಕೆಗೆ ಬರುತ್ತಾರೋ ಇಲ್ಲವೋ... ಛೀ. ಈಗಲೂ ಮಕ್ಕಳ ಮರೆಯಲ್ಲೇ ನಿಲ್ಲುತ್ತೇನೆ. ಇಲ್ಲಿ ಇಷ್ಟೆಲ್ಲ ಬರೆಯಲು ಧೈರ್ಯ ಬಂತು. ಆ ಊರಿಗೆ ದಿನಾ ಬಸ್ಸಿದೆ. ನಾನಿನ್ನೂ ಹತ್ತಿಲ್ಲ.