ಒಂದು ಓಟಿನ ಸೋಲು

ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಸ್ಪೇನಿನವರು. ಸ್ಪೇನಿನಲ್ಲಿ ಸ್ಥಳೀಯ ಚುನಾವಣೆಯ ಫಲಿತಾಂಶ ಬಂದಾಗಲೆಲ್ಲ ತಮ್ಮ ಸೀಮೆಯ ಒಂದೊಂದೇ ಊರನ್ನು ಫೋನಿನಲ್ಲಿ ಹುಡುಕುತ್ತಿದ್ದರು. "ಮೊದಲು ಸೋತವರು" ಎನ್ನುತ್ತ, ಸೋತ ಪರಿಚಿತರಿಗೆಲ್ಲ ಫೋನ್ ಮಾಡುತ್ತಿದ್ದರು. ಗೆದ್ದವರ ಸರದಿ ಆಮೇಲೆ.

ಕಳೆದ ಸಲ ಅವರ ತಮ್ಮನೇ ಒಂದು ಓಟಿನಿಂದ ಸೋತ. ಅವನನ್ನು ಫೋನಿನಲ್ಲೇ ನಗಿಸಿ, ಬೇಲಿಯ ಬಳಿ ಬಂದು ನನಗೆ ಸುದ್ದಿ ಹೇಳಿದರು.

"ನಿಮ್ಮ ತಮ್ಮನ ಹೆಂಡ್ತೀನೇ ಹಾಕಿಲ್ವೇನೋ!" ಎಂದೆ.

"ಅವನೇ ಮರ್ತಿರ್ತಾನೆ!" ಎಂದು ನಕ್ಕರು. "ಈ ತಿಂಗಳು ಇಲ್ಲೂ ಕೌನ್ಸಿಲ್ ಎಲೆಕ್ಷನ್ ಆಯ್ತಲ್ಲ, ನೀವು ಹಾಕಿದ್ರಿ ತಾನೇ?"

"ಹಾಕ್ದೆ."

ಸುಳ್ಳು. ಮೂವತ್ತು ವರ್ಷದಲ್ಲಿ ನಾನು ಇಲ್ಲಿ ಒಮ್ಮೆಯೂ ಓಟು ಹಾಕಿದವನಲ್ಲ.

"ಸದ್ಯ, ನಿಮ್ದಾದ್ರೂ ಬಿತ್ತಲ್ಲ" ಎಂದು ಆಕೆ ಬೇಲಿಯ ಮೇಲಿಂದ ನನ್ನ ಕೈ ಹಿಡಿದುಕೊಂಡರು. ಆಗಲೇ ಅವರ ಕಣ್ಣು ಒದ್ದೆಯಾಗಿದ್ದುದು ಕಂಡಿತು. ಆ ಕೈ ಬಿಡಿಸಿಕೊಂಡು ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ.